ಭಾನುವಾರದ ಮಾತು ಎಲ್ಲಿಗೆ ಮುಟ್ಟಬೇಕು?

(ಕೋಲಾರದ ಭಾನುವಾರದ ಅನುಭಾವ ಗೋಷ್ಠಿಯಲ್ಲಿ ನೀಡಿದ ಉಪನ್ಯಾಸ)



ಬೆಳಿಗ್ಗೆ ಡೈರಿಗೆ ಹಾಲು ಹಾಕಿ ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಕಡೆಯಿಂದ ಬಸ್ಸು ಹಿಡಿದು ಬಂದವರು ಇಲ್ಲಿದ್ದೀರಿ. ನರಸಾಪುರದ ಕಾರ್ಖಾನೆಗಳಲ್ಲಿ ದುಡಿಯುವ ಮಕ್ಕಳು ವಾರಕ್ಕೊಂದೇ ರಜೆಯಲ್ಲಿ ಎರಡು ಗಂಟೆ ನಮಗೆ ಕೊಟ್ಟಿದ್ದಾರೆ. ಅಂಥವರ ಮುಂದೆ ಲಿಂಗಾಂಗ ಸಾಮರಸ್ಯವನ್ನು ಒಂದು ಗಂಟೆ ವಿವರಿಸಿ, ಮಂಗಳ ಹಾಡಿ, ಪ್ರಸಾದ ಕೊಟ್ಟು ಕಳಿಸಿಬಿಟ್ಟರೆ ಸಾಕೇ?

ವಾರಕ್ಕೊಮ್ಮೆ ಸೇರಿ ಧರ್ಮ ನೀತಿಗಳ ಮಾತು ಕೇಳುವ ಪದ್ಧತಿ ನಮ್ಮಲ್ಲಿ ಮಾತ್ರ ಇಲ್ಲ. ಮುಂಬಯಿಯಲ್ಲಿ 1867ರಲ್ಲಿ ಹುಟ್ಟಿದ ಪ್ರಾರ್ಥನಾ ಸಮಾಜದಲ್ಲಿ ಭಾನುವಾರ ಉಪಾಸನೆ, ಉಪದೇಶ ನಡೆಯುತ್ತಿತ್ತು. ರಾನಡೆ, ಭಂಡಾರ್ಕರ್ ಅಂಥವರು ಅಲ್ಲಿ ಮಾತನಾಡಿದರು. ದೇವರೊಬ್ಬನೇ, ಜಾತಿಭೇದ ಸಲ್ಲದು ಎಂಬುದನ್ನು ಸಭೆ ಒಪ್ಪಿ ತಲೆದೂಗುತ್ತಿತ್ತು. ಆದರೆ ಹೊಸಿಲು ದಾಟಿ ಮನೆಯೊಳಗೆ ಹೋದ ಮೇಲೆ ಎಷ್ಟೋ ಜನ ಹಿಂಜರಿದರು. ಆ ಸಮಾಜದ ಪ್ರಚಾರಕರಾಗಿ ಬಂದವರು, ನಮ್ಮ ಜಮಖಂಡಿಯಲ್ಲಿ 1873ರಲ್ಲಿ ಹುಟ್ಟಿದ ವಿಠ್ಠಲ ರಾಮಜಿ ಶಿಂದೆ. ಯೂನಿಟೇರಿಯನ್ ಎಂಬ ಉದಾರ ಕ್ರೈಸ್ತ ಪಂಥದವರ ನೆರವಿನಿಂದ ಆಕ್ಸ್‌ಫರ್ಡಿಗೆ ಹೋಗಿ, ಹಲವು ಧರ್ಮಗಳನ್ನು ಹೋಲಿಸಿ ಓದಿ 1903ರಲ್ಲಿ ಹಿಂತಿರುಗಿದರು. ಭಾನುವಾರಕ್ಕೊಂದು ಒಳ್ಳೆಯ ಉಪದೇಶ ಕೊಟ್ಟುಕೊಂಡು ಗೌರವದಿಂದ ಇದ್ದುಬಿಡಬಹುದಿತ್ತು. ಅವರು 1906ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಕಟ್ಟಿ ಅಸ್ಪೃಶ್ಯರೆನಿಸಿಕೊಂಡವರ ಮಕ್ಕಳಿಗೆ ಶಾಲೆ ತೆರೆದರು. ಆ ಸಮಾಜದ ಉಪದೇಶಕರಲ್ಲಿ ನನಗೆ ಅವರೇ ದೊಡ್ಡವರಾಗಿ ಕಾಣುತ್ತಾರೆ.

ಕಲ್ಯಾಣದ ಕಥೆ ನಿಮಗೆ ಹೇಳಬೇಕಾಗಿಲ್ಲ. ಅನುಭವ ಮಂಟಪದ ಮಾತು ಹರಳಯ್ಯ, ಮಧುವರಸರ ಮಕ್ಕಳ ಮದುವೆಯ ತನಕ ಹೋಯಿತು. ಮಾತು ಮಂಟಪದಲ್ಲೇ ಉಳಿದಿದ್ದರೆ ಬಿಜ್ಜಳನಿಗೇನು ತೊಂದರೆಯಿತ್ತು?

ಈಗ ನಮ್ಮ ಜಿಲ್ಲೆಗೆ ಬರೋಣ. 2022ರ ಸೆಪ್ಟೆಂಬರಿನಲ್ಲಿ ಮಾಲೂರು ತಾಲ್ಲೂಕಿನ ಒಂದು ಹಳ್ಳಿಯಲ್ಲಿ ದೇವರ ಮೆರವಣಿಗೆಯ ಕೋಲನ್ನು ದಲಿತ ಹುಡುಗನೊಬ್ಬ ಮುಟ್ಟಿದ. ಮೈಲಿಗೆಯಾಯಿತೆಂದು ಊರಿನ ಹಿರಿಯರು ಆ ಮನೆಯವರಿಗೆ 60,000 ರೂಪಾಯಿ ದಂಡ ಹಾಕಿದರು. ದುಡಿದು ತಿನ್ನುವ ಮನೆ ಅದು. ಹುಡುಗನ ತಾಯಿ ದೇವರ ಪಟಗಳನ್ನು ತೆಗೆದು ಅಂಬೇಡ್ಕರರ ಪಟವಿಟ್ಟರು.

ಆ ತಾಯಿ ದೇವರನ್ನು ಬಿಟ್ಟರೆಂದು ಕೊರಗುವ ಹಕ್ಕು ಯಾರಿಗೂ ಇಲ್ಲ. ನಾವಂತೂ ಇಷ್ಟಲಿಂಗವನ್ನು ಎದೆಯ ಮೇಲೆ ಧರಿಸಿದವರು. ಅಂಗೈಯಲ್ಲಿಟ್ಟು ಮುಟ್ಟುವುದೇ ನಮ್ಮ ಪೂಜೆ. ಯಾರು ಬೇಕಾದರೂ ದೇವರನ್ನು ಮುಟ್ಟಬಹುದು ಎಂದು ಬಸವಣ್ಣನವರು ಕೈಗೇ ಕೊಟ್ಟುಬಿಟ್ಟರು. ಮುಟ್ಟಿದ್ದಕ್ಕೆ ದಂಡ ಎಂಬ ಮಾತು ಕಿವಿಗೆ ಬಿದ್ದಾಗ ಲಿಂಗ ಕಟ್ಟಿದವನು ಸುಮ್ಮನಿದ್ದರೆ, ಅವನು ಬೆಳಿಗ್ಗೆ ಮಾಡಿದ ಪೂಜೆ ಯಾವುದು? ಇಂಥ ಸುದ್ದಿ ಬಂದ ವಾರ ಗೋಷ್ಠಿಯ ವಿಷಯ ಬದಲಾಗಬೇಕು. ಮೊದಲೇ ಕರಪತ್ರ ಅಚ್ಚಾಗಿದೆ ಎಂಬ ನೆಪ ಬೇಡ.

ಈ ಭಾಗದಲ್ಲಿ ನಾವು ಕೆಲವೇ ಮನೆ, ನಮ್ಮ ಮಾತು ಯಾರು ಕೇಳುತ್ತಾರೆ ಎನ್ನುವವರಿದ್ದಾರೆ. ಅರಳಿಕಟ್ಟೆಯಲ್ಲಿ ದಂಡದ ಮಾತು ಎದ್ದಾಗ ಒಬ್ಬರು ನಿಂತು, ಇದು ಕಾನೂನಿಗೂ ವಿರುದ್ಧ, ಧರ್ಮಕ್ಕೂ ವಿರುದ್ಧ ಎಂದರೆ ಸಾಕು. ಅದಕ್ಕೆ ಬಹುಮತ ಬೇಕಿಲ್ಲ. ಆ ಮೇಲೆ ಆ ಮನೆಗೆ ಹೋಗಿ ಕುಳಿತು ಅವರ ಕೈಯ ನೀರು ಕುಡಿದು ಬರಬೇಕು. ಕಷ್ಟವೆಂದು ನನಗೆ ಗೊತ್ತು. ನಾಳೆ ಅದೇ ಊರಿನಲ್ಲಿ ಟ್ರ್ಯಾಕ್ಟರು, ಕೂಲಿಯಾಳು, ಕೈಸಾಲ ಎಲ್ಲಕ್ಕೂ ಅದೇ ಹಿರಿಯರ ಬಳಿ ಹೋಗಬೇಕು.

ಇನ್ನೊಂದು ಮಾತು. ಮುಳಬಾಗಿಲು, ಶ್ರೀನಿವಾಸಪುರದಿಂದ ಬಂದವರಲ್ಲಿ ಹಲವರ ಮನೆಮಾತು ತೆಲುಗು. ವೇದಿಕೆಯ ಕನ್ನಡಕ್ಕೆ ಹೆದರಿ ಸುಮ್ಮನೆ ಕೂರಬೇಡಿ. ಬಸವಪುರಾಣ ಮೊದಲು ಬಂದದ್ದೇ ಪಾಲ್ಕುರಿಕೆ ಸೋಮನಾಥನ ತೆಲುಗಿನಲ್ಲಿ. ಭೀಮಕವಿ ಅದನ್ನು ಕನ್ನಡಕ್ಕೆ ತಂದದ್ದು 1369ರಲ್ಲಿ. ತೆಲುಗಿನಲ್ಲೇ ಕೇಳಿ.

ನನ್ನ ಮಾತು ಇಲ್ಲಿಗೆ ಸಾಕು, ಉಳಿದ ಒಂದು ಗಂಟೆ ನಿಮ್ಮದು. ಹಿಂದಿನ ಸಾಲಿನ ತಾಯಂದಿರಿಂದ ಶುರುವಾಗಲಿ.