ರೈಲು ಸೇತುವೆಯ ತ್ರಿಕೋನ ಮತ್ತು ನಮ್ಮ ಗೋದಾಮಿನ ಅಡ್ಡಪಟ್ಟಿ
(ಬೆಳ್ಳಿಹಬ್ಬದ ಸಭೆಯಲ್ಲಿ ಮಾಡಿದ ಭಾಷಣ)



ಬೆಳ್ಳಿಹಬ್ಬದ ದಿನ ರೈಲು ಸೇತುವೆಯ ಸುದ್ದಿ ಯಾಕ ಅಂತ ಕೆಲವರಿಗೆ ಅನ್ನಿಸಬಹುದು. ಕಾರಣ ಐತಿ. ಗೋದಾಮಿನೊಳಗ ಚೀಲದ ಥಪ್ಪಿ ಎತ್ತರ ಹಾಕಲಿಕ್ಕೆ ಮಾಡದ ಕೆಳಗಿನ ಕಬ್ಬಿಣದ ಅಡ್ಡಪಟ್ಟಿ ತೊಡಕಾಗ್ತದ, ಕತ್ತರಿಸಿ ತೆಗೀರಿ ಎಂದು ಕೆಲ ಸದಸ್ಯರು ಸೂಚನೆ ಕೊಟ್ಟಾರ. ಆ ಪಟ್ಟಿಯ ಕೆಲಸ ಏನೆಂಬುದು ರೈಲು ಸೇತುವೆ ನೋಡಿದರೆ ಚೊಲೊ ತಿಳೀತದ.

ನಮ್ಮದು ಎರಡು ಹೊಳೆಗಳ ನಡುವಿನ ಸೀಮೆ. ಮುಂಬಯಿ ಕಡೆಯಿಂದ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆ, ಮದ್ರಾಸು ಕಡೆಯಿಂದ ಮದ್ರಾಸ್ ರೈಲ್ವೆ ಬಂದು 1871ರಲ್ಲಿ ರಾಯಚೂರಿನಲ್ಲಿ ಕೂಡಿದವು. ಒಂದಕ್ಕೆ ಕೃಷ್ಣೆ, ಇನ್ನೊಂದಕ್ಕೆ ತುಂಗಭದ್ರೆ ದಾಟಬೇಕಿತ್ತು. ಆಗ ಸೇತುವೆಯ ಕಬ್ಬಿಣ ಇಂಗ್ಲೆಂಡಿನಿಂದ ಹಡಗಿನಲ್ಲಿ ಬರುತ್ತಿದ್ದ ಕಾಲ. ಕಡಿಮೆ ಕಬ್ಬಿಣದಲ್ಲಿ ಅಗಲ ಹೊಳೆ ದಾಟುವ ಯುಕ್ತಿಗೆ ಬಹಳ ಬೆಲೆ ಇತ್ತು. ಆ ಯುಕ್ತಿಗೆ ಟ್ರಸ್ ಎನ್ನುತ್ತಾರೆ.

ಮನ್ಯಾಗ ಮಕ್ಕಳ ಕೈಲೆ ಮಾಡಿಸಿ ನೋಡ್ರಿ. ನಾಲ್ಕು ಕಡ್ಡಿಯನ್ನು ಮೂಲೆಗೆ ದಾರ ಕಟ್ಟಿ ಚೌಕ ಮಾಡಿದರೆ, ಒತ್ತಿದ ಕೂಡಲೆ ಸೊಟ್ಟ ಆಗ್ತದ. ಮೂರು ಕಡ್ಡಿಯ ತ್ರಿಕೋನ ಮಾತ್ರ ಸೊಟ್ಟ ಆಗಂಗಿಲ್ಲ. ಕಡ್ಡಿ ಮುರೀಬೇಕು, ಇಲ್ಲಾ ಗಂಟು ಬಿಚ್ಚಬೇಕು. ಇಂಥ ತ್ರಿಕೋನಗಳನ್ನು ಸಾಲಾಗಿ ಜೋಡಿಸಿದರೆ ಟ್ರಸ್. ರೈಲು ಮೇಲೆ ಬಂದಾಗ ಮೇಲಿನ ಪಟ್ಟಿ ಒತ್ತಡಕ್ಕೆ, ಕೆಳಗಿನದು ಎಳೆತಕ್ಕೆ ಸಿಗ್ತದ. ಉದ್ದನೆ ಜೋಳದ ದಂಟನ್ನು ಎರಡೂ ತುದಿಯಿಂದ ಒತ್ತಿದರೆ ಬಾಗ್ತದ, ಎಳೆದರೆ ಬಾಗಂಗಿಲ್ಲ. ಇದನ್ನು ತಿಳಿದೇ 1844ರಲ್ಲಿ ಅಮೆರಿಕದ ಪ್ರಾಟ್ ತಂದೆ-ಮಗ ಉದ್ದನೆ ಓರೆಪಟ್ಟಿಗಳಿಗೆ ಎಳೆತ, ಗಿಡ್ಡ ನೆಟ್ಟಗಂಬಗಳಿಗೆ ಒತ್ತಡ ಬರುವಂತೆ ಜೋಡಿಸಿದರು. ನಾಲ್ಕು ವರ್ಷದ ಮೇಲೆ ಇಂಗ್ಲೆಂಡಿನ ವಾರೆನ್ ಬರೀ ಸಮಭುಜ ತ್ರಿಕೋನದ ಸಾಲಿಗೇ ಪೇಟೆಂಟ್ ಪಡೆದರು.

ನಮ್ಮ ಕ್ಯಾಂಪುಗಳಲ್ಲಿ ಗೋದಾವರಿ ಸೀಮೆಯಿಂದ ಬಂದು ನೆಲೆಸಿದವರಿಗೆ ರಾಜಮಹೇಂದ್ರಿಯ ಸೇತುವೆ ಗೊತ್ತಿರ್ತದ. 1974ರಲ್ಲಿ ಆದದ್ದು. ಮೇಲೆ ರಸ್ತೆ, ಕೆಳಗೆ ತ್ರಿಕೋನಗಳ ನಡುವೆ ರೈಲು. ಮುಂದಿನ ಸಲ ಊರಿಗೆ ಹೋದಾಗ ಕಿಟಕಿಯಿಂದ ಎಣಿಸಿ ನೋಡ್ರಿ. ಬಿಸಿಲಿಗೆ ಉಕ್ಕು ಹಿಗ್ಗತದ ಅಂತ ಇಂಥ ಸೇತುವೆಯ ಒಂದು ತುದಿಯನ್ನು ಸರಿಯುವಂತೆ ಬಿಟ್ಟಿರ್ತಾರ. ಮೂವತ್ತು ಮೀಟರ್ ಉಕ್ಕು ಮೂವತ್ತು ಡಿಗ್ರಿ ಶಾಖ ಏರಿದರೆ ಒಂದು ಸೆಂಟಿಮೀಟರ್ ಉದ್ದ ಆಗ್ತದ! ರಾಯಚೂರಿನ ಬ್ಯಾಸಗಿಯಾಗ ಇದೇನು ಸಣ್ಣ ಮಾತಲ್ಲ.

ಎಳೆತ ತಪ್ಪಿದರೆ ಏನಾಗ್ತದೆಂದು ನಮಗ್ಯಾರೂ ಹೇಳಬೇಕಿಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಗೇಟು, ಸರಪಳಿಯ ಕೊಂಡಿ ಕಡಿದು ಕೊಚ್ಚಿಹೋತು. ಒಂದು ವಾರ ಯಾರೂ ನೆಟ್ಟಗೆ ಮಲಗಲಿಲ್ಲ. ಭತ್ತದ ಗದ್ದೆಗೆ ನೀರು ಸಿಗ್ತದೋ ಇಲ್ಲೋ ಅಂತ.

ಈಗ ಗೋದಾಮಿಗೆ ಬರೋಣ. ನಮ್ಮ ಮಾಡದ ಎರಡು ಇಳಿಜಾರು ಪಟ್ಟಿ, ಕೆಳಗಿನ ಅಡ್ಡಪಟ್ಟಿ, ಇವು ಕೂಡಿ ತ್ರಿಕೋನ. ತಗಡಿನ ಭಾರಕ್ಕೆ ಇಳಿಜಾರು ಪಟ್ಟಿಗಳ ಕಾಲು ಹೊರಗೆ ಜಾರಲು ನೋಡ್ತಾವ. ಅವನ್ನು ಎಳೆದು ಹಿಡಿದಿರುವುದು ಆ ಅಡ್ಡಪಟ್ಟಿ. ಅದನ್ನು ಕತ್ತರಿಸಿದರೆ ಭಾರ ಗ್ವಾಡಿಯನ್ನು ಹೊರಗೆ ನೂಕ್ತದ. ಗಾಳಿ-ಮಳಿ ದಿನ ಒಳಗ ಹಮಾಲರು ಇದ್ದರೆ ಏನು ಗತಿ? ಇನ್ನೊಂದು ಮಾತು. ಆ ಪಟ್ಟಿಯ ನಡುವೆ ತೂಕದ ಕಾಟಾ ನೇತು ಹಾಕೋದೂ ಬ್ಯಾಡ. ಸೇತುವೆಯಲ್ಲೂ ರೈಲಿನ ಭಾರವನ್ನು ಅಡ್ಡ ತೊಲೆಗಳು ಗಂಟುಗಳಿಗೇ ತಂದು ಹಾಕ್ತಾವ, ಪಟ್ಟಿಯ ನಡುವಿಗಲ್ಲ.

ಎತ್ತರದ ತೊಂದರೆ ಖರೆ ಐತಿ, ನಾವು ಅಲ್ಲಗಳೆಯಂಗಿಲ್ಲ. 2024ರಲ್ಲಿ ಸಿಂಧನೂರಿಗೆ ರೈಲು ಬಂದ ಮೇಲೆ ಸಂಗ್ರಹಕ್ಕೆ ಜಾಗ ಹೆಚ್ಚು ಬೇಕೆಂಬ ಮಾತೂ ಸರಿ. ಅದಕ್ಕೆ ಪೂರ್ವದ ಕಡೆ ಇನ್ನೊಂದು ಖಣ ಕಟ್ಟೋಣ ಎಂಬುದು ನಮ್ಮ ಅಭಿಪ್ರಾಯ. ಇಂಜಿನಿಯರರಿಂದ ಅಂದಾಜುಪಟ್ಟಿ ಮಾಡಿಸಿ ಮುಂದಿನ ಮಹಾಸಭೆಯಲ್ಲಿ ಇಡ್ತೀವಿ. ಅಲ್ಲಿಯವರೆಗೆ ಯಾರೂ ಗರಗಸ ತರಬಾರದೆಂದು ವಿನಂತಿ.