ಬಡಗಿಗೆ ದಕ್ಕದ ಪದಕ

(ಅಂಕೋಲೆಯಲ್ಲಿ ನಡೆದ ಕಾಮಗಾರರ ಮತ್ತು ಸಣ್ಣ ವ್ಯಾಪಾರಿಗಳ ಸಭೆಯಲ್ಲಿ ಮಾಡಿದ ಭಾಷಣ)



ಮಂಜಿನಲ್ಲಿ ಸಿಕ್ಕಿಬಿದ್ದ ಹಡಗಿನ ಕಥೆ ಬೇಲೇಕೇರಿಯ ಬಿಸಿಲಿನವರಿಗೆ ಏಕೆ ಎಂದು ನೀವು ಕೇಳಬಹುದು. ಕಥೆ ದೂರದ್ದು, ಅದರೊಳಗಿನ ಲೆಕ್ಕ ಮಾತ್ರ ನಮ್ಮದೇ.

1915ರ ಜನವರಿಯಲ್ಲಿ ದಕ್ಷಿಣ ಧ್ರುವದ ಕಡೆಯ ವೆಡೆಲ್ ಸಮುದ್ರದಲ್ಲಿ ಶ್ಯಾಕಲ್ಟನ್ ಸಾಹೇಬರ ‘ಎಂಡ್ಯೂರೆನ್ಸ್’ ಹಡಗು ಮಂಜುಗಡ್ಡೆಗೆ ಸಿಕ್ಕಿತು. ಮಂಜು ಅದನ್ನು ತಿಂಗಳುಗಟ್ಟಲೆ ಅದುಮಿ ಮುರಿಯಿತು. ನವೆಂಬರದಲ್ಲಿ ಹಡಗು ತಳ ಕಂಡಿತು. 28 ಜನ ಗಡ್ಡೆಯ ಮೇಲೆ ಉಳಿದರು.

ಅಂದಿನ ಬ್ರಿಟಿಷ್ ಕಾಯಿದೆಯಲ್ಲಿ ಹಡಗು ಮುಳುಗಿದ ದಿನಕ್ಕೇ ಖಲಾಶಿಯ ಪಗಾರವೂ ಮುಳುಗುತ್ತಿತ್ತು. ಹಾಗಾದರೆ ಹುಕುಮು ಮಾತ್ರ ಹೇಗೆ ಉಳಿಯಿತು ಎಂದು ಹಡಗಿನ ಬಡಗಿ ಮ್ಯಾಕ್‌ನಿಶ್ ಎದುರು ನಿಂತು ಕೇಳಿದ. ಕರಾರು ನೆಲದ ಮೇಲೂ ನಡೆಯುತ್ತದೆಂದು ಸಾಹೇಬರು ಉತ್ತರಿಸಿದರು. ಬಡಗಿ ಮತ್ತೆ ಕೆಲಸಕ್ಕೆ ಇಳಿದ.

ಮುಂದೆ ಅವರು ಎಲಿಫೆಂಟ್ ದ್ವೀಪ ಸೇರಿದಾಗ, ಸುಮಾರು 22 ಅಡಿಯ ದೋಣಿಯೊಂದಕ್ಕೆ ಪೆಟ್ಟಿಗೆಯ ಹಲಗೆ, ಕ್ಯಾನ್ವಾಸು ಹೊದಿಸಿ ಸಮುದ್ರಕ್ಕೆ ತಾಳುವಂತೆ ಮಾಡಿದವನು ಇದೇ ಬಡಗಿ. ಅದರಲ್ಲಿ ಆರು ಜನ ಸಾವಿರ ಕಿಲೋಮೀಟರಿಗೂ ಮಿಕ್ಕಿ ದೂರ ದಾಟಿ ದಕ್ಷಿಣ ಜಾರ್ಜಿಯಾ ಮುಟ್ಟಿದರು. ದ್ವೀಪದಲ್ಲಿ ಉಳಿದ 22 ಜನರನ್ನು ತರಲು ಸಾಹೇಬರು ಮೂರು ಸಲ ಹೋಗಿ ಸೋತರು. ನಾಲ್ಕನೆಯ ಸಲ, 1916ರ ಆಗಸ್ಟ್ 30ರಂದು, ಚಿಲಿ ದೇಶದ ‘ಯೆಲ್ಚೊ’ ಎಂಬ ಸಣ್ಣ ಹಡಗು ಎಲ್ಲರನ್ನೂ ಕರೆತಂದಿತು. 28 ಜನರೂ ಬದುಕಿದರು. ಬಿಡದೆ ಹುಡುಕಿದ ಆ ಹಟಕ್ಕೆ ನಾವು ಕೈಮುಗಿಯುತ್ತೇವೆ.

ಆದರೆ ಪದಕ ಹಂಚುವಾಗ ಎದುರು ಮಾತಾಡಿದ ಬಡಗಿಯ ಹೆಸರು ಬಿಟ್ಟುಹೋಯಿತು. ಅಂಕೋಲೆ ಉಪ್ಪಿನ ಸತ್ಯಾಗ್ರಹ ಮಾಡಿದ 1930ರಲ್ಲೇ ಅವನು ನ್ಯೂಜಿಲೆಂಡಿನಲ್ಲಿ ಬಡವನಾಗಿ ಸತ್ತ.

ಈಗ ನಮ್ಮ ಕಡಲಿಗೆ ಬನ್ನಿ. 2018ರ ಡಿಸೆಂಬರದಲ್ಲಿ ಮಲ್ಪೆಯಿಂದ ಹೊರಟ ‘ಸುವರ್ಣ ತ್ರಿಭುಜ’ ಏಳು ಜನರೊಡನೆ ಕಾಣೆಯಾಯಿತು. ಅವರಲ್ಲಿ ಐವರು ನಮ್ಮ ಉತ್ತರ ಕನ್ನಡದವರು. 2019ರ ಜನವರಿಯಲ್ಲಿ ಸಾವಿರಾರು ಮೀನುಗಾರರು ಉಡುಪಿಯ ಹೆದ್ದಾರಿಗೆ ಇಳಿದು, ಹುಡುಕಿರೆಂದು ಕೂಗಬೇಕಾಯಿತು. ಮೇ ತಿಂಗಳಲ್ಲಿ ನೌಕಾಪಡೆಗೆ ಮಾಲ್ವಣದ ಹತ್ತಿರ ದೋಣಿಯ ಅವಶೇಷ ಸಿಕ್ಕಿತು. ಏಳು ಜನರಲ್ಲಿ ಯಾರೂ ಮರಳಲಿಲ್ಲ. ಅಷ್ಟು ತಿಂಗಳು ಆ ಮನೆಗಳಲ್ಲಿ ಹೆಂಗಸರು ಕುಂಕುಮ ಇಡಬೇಕೋ ಅಳಿಸಬೇಕೋ ತಿಳಿಯದೆ ಕುಳಿತಿದ್ದರು.

ಬಂಧುಗಳೇ, ಕಡಲಿಗೆ ಹೋದವನು ಬಾರದಿದ್ದರೆ ಮೀನುಪೇಟೆ ಮಾತ್ರವಲ್ಲ, ಅವನ ಮನೆಗೆ ಉದ್ರಿ ಕೊಟ್ಟ ಕಿರಾಣಿ ಅಂಗಡಿಯೂ ಬಡವಾಗುತ್ತದೆ. ಆದ್ದರಿಂದ ಇದು ನಮ್ಮೆಲ್ಲರ ಬೇಡಿಕೆ: ದೋಣಿ ಹತ್ತುವ ಪ್ರತಿಯೊಬ್ಬನ ಹೆಸರೂ ಪಗಾರವೂ ದಡದ ದಫ್ತರದಲ್ಲಿ ಬರೆದಿರಲಿ. ದೋಣಿ ಕಾಣೆಯಾದ ದಿನವೇ ಹುಡುಕಾಟ ಶುರುವಾಗಲಿ. ರಸ್ತೆಗೆ ಇಳಿಯುವ ತನಕ ಕಾಯುವುದು ಬೇಡ. ಹುಡುಕಾಟ ಮುಗಿಯುವವರೆಗೆ ಮನೆಗೆ ಪಗಾರ ನಿಲ್ಲದಿರಲಿ.

ಹಡಗು ಮುಳುಗಬಹುದು. ದುಡಿದವನ ಹಕ್ಕು ಅದರೊಡನೆ ಮುಳುಗಬಾರದು. ಬಡಗಿ ಕೇಳಿದ್ದು ಇಷ್ಟೇ. ನಾವು ಕೇಳುವುದೂ ಇಷ್ಟೇ.