ಗರಡಿಯ ಹುಡುಗ, ಸರ್ಕಸ್ಸಿನ ಹುಡುಗ

ನಾನು ಹುಡುಗನಾಗಿದ್ದಾಗ ನಮ್ಮ ಬನಹಟ್ಟಿಯಲ್ಲಿ ಬೆಳಗನ್ನು ಸಾರುವ ಸದ್ದುಗಳು ಎರಡು. ಓಣಿಯ ಮಗ್ಗಗಳ ಲಾಳಿಯ ಸದ್ದು ಒಂದು. ಅದಕ್ಕೂ ಮೊದಲೇ, ಇನ್ನೂ ನಸುಗತ್ತಲಿರುವಾಗ, ಗರಡಿಮನೆಯ ತಗ್ಗು ಬಾಗಿಲಿನಿಂದ ಹೊರಬರುತ್ತಿದ್ದ ತೊಡೆ ತಟ್ಟುವ ಸದ್ದು ಇನ್ನೊಂದು. ಎರಡನೆಯ ಸದ್ದನ್ನು ಕೇಳಿ ಎದ್ದು ಓಡಿದ ಹುಡುಗರು ಮೊದಲನೆಯ ಸದ್ದು ಏಳುವ ಹೊತ್ತಿಗೆ ಮೈತುಂಬ ಕೆಮ್ಮಣ್ಣು ಬಳಿದುಕೊಂಡು ಮನೆಗೆ ಮರಳುತ್ತಿದ್ದರು. ಹಾಗೆ ಓಡಿದವರಲ್ಲಿ ನಾನೂ ಒಬ್ಬ. ಆದರೆ ನಾನು ಕಲಿತದ್ದಕ್ಕಿಂತ ನೋಡಿದ್ದೇ ಹೆಚ್ಚು. ಇಂದು ನಾನು ಮಾತನಾಡಬೇಕೆಂದಿರುವುದು ಸರ್ಕಸ್ ವಿದ್ಯೆಯನ್ನು ಕಲಿಯುವ ಹುಡುಗನ ದಿನಚರಿಯನ್ನು ಕುರಿತು. ಜಮಖಂಡಿ, ಮುಧೋಳ, ಬೀಳಗಿಗಳ ಕಡೆಯವನಿಗೆ ಸರ್ಕಸ್ಸಿನ ಗೊಡವೆ ಏಕೆಂದು ಕೇಳುಗರಿಗೆ ಅನ್ನಿಸಬಹುದು. ಅದಕ್ಕೆ ಉತ್ತರ ಗರಡಿಯಲ್ಲಿಯೇ ಇದೆ.

ಗರಡಿಗೆ ಹೊಸದಾಗಿ ಸೇರಿದವನಿಗೆ ಮೊದಲು ಸಿಗುತ್ತಿದ್ದುದು ಪಟ್ಟಲ್ಲ, ಸಲಿಕೆ. ಅಖಾಡದ ಮಣ್ಣನ್ನು ದಿನವೂ ಅಗೆದು, ಹೆಂಟೆ ಒಡೆದು, ಹದಗೊಳಿಸಬೇಕು. ಆ ಮಣ್ಣಿಗೆ ಮಜ್ಜಿಗೆ, ಎಣ್ಣೆ, ಅರಿಷಿಣಗಳನ್ನು ಆಗಾಗ ಬೆರೆಸುವುದುಂಟು. ತಿಂಗಳೊಪ್ಪತ್ತು ಹೀಗೆ ಅಗೆದವನ ಭುಜಕ್ಕೆ ತಾನಾಗಿಯೇ ಬಲ ಬರುತ್ತದೆಯೆಂಬುದು ವಸ್ತಾದರ ಲೆಕ್ಕ. ಮೂಲೆಯ ಹನುಮಂತದೇವರಿಗೆ ಕೈಮುಗಿದು, ಆಮೇಲೆ ದಂಡ, ಬೈಠಕ್ಕು, ಜೋಡಿ ತಿರುಗಿಸುವುದು. ಅದೆಲ್ಲ ಮುಗಿದ ಮೇಲೆ ನಮ್ಮ ಕಣ್ಣು ಹೋಗುತ್ತಿದ್ದುದು ನಡುವೆ ನಿಂತಿದ್ದ ಮಲ್ಲಕಂಬದ ಕಡೆಗೆ. ಆಳೊಂದೂವರೆ ಎತ್ತರದ, ಬುಡ ದಪ್ಪನಾಗಿ ಮೇಲೆ ಸಣ್ಣದಾಗುತ್ತ ಹೋಗಿ, ಕತ್ತು ಕಿರಿದಾಗಿ, ತಲೆಯ ಮೇಲೆ ಗುಂಡಗೆ ಉಬ್ಬಿದ ಸಾಗವಾನಿ ಕಂಬ. ಅದಕ್ಕೆ ಔಡಲೆಣ್ಣೆ ತೀಡಿರುತ್ತಾರೆ. ಎಣ್ಣೆ ಜಾರುವುದಕ್ಕಲ್ಲವೇ ಎಂದು ಹೊಸಬ ಕೇಳುತ್ತಾನೆ. ಮೈ ಸುಲಿಯದಿರಲೆಂಬುದಕ್ಕೆ ಅದು. ಜಾರದಂತೆ ಹಿಡಿಯುವುದು ತೊಡೆಯ ಕೆಲಸ, ಕಾಲಬೆರಳಿನ ಕೆಲಸ. ಕೈಯಿಂದ ಅಪ್ಪಿ ಹತ್ತುವವನನ್ನು ವಸ್ತಾದರು, 'ಇದೇನು ಹುಣಸೀಗಿಡ ಅಂತ ತಿಳಿದಿಯೇನೋ' ಎಂದು ಇಳಿಸಿಬಿಡುತ್ತಿದ್ದರು.

ಈ ಕಂಬದ ವಿದ್ಯೆ ನಮ್ಮ ನಾಡಿಗೆ ಹೊಸದಲ್ಲ. ಕಲ್ಯಾಣದ ಚಾಲುಕ್ಯರ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ ಮಲ್ಲರ ಆಹಾರವನ್ನೂ ವ್ಯಾಯಾಮವನ್ನೂ ವಿವರಿಸುವಾಗ ಕಂಬದ ಅಭ್ಯಾಸದ ಮಾತೂ ಬರುತ್ತದೆ. ಆ ದೊರೆಯ ಬಿರುದೇ ಭೂಲೋಕಮಲ್ಲ. ಅವನಿಗಿಂತ ಒಂದೂವರೆ ಶತಮಾನದಷ್ಟು ಹಿಂದೆ ಭೀಮ-ದುರ್ಯೋಧನರ ಗದಾಯುದ್ಧವನ್ನು ಕಾವ್ಯವಾಗಿಸಿದ ರನ್ನ ನಮ್ಮ ಮುಧೋಳದವನು. ತೊಡೆ ಮುರಿಯುವುದೆಂದರೇನೆಂದು ಬಲ್ಲ ಊರಿನವನೇ ಆ ಕಾವ್ಯವನ್ನು ಬರೆಯಬೇಕಿತ್ತೆಂದು ನಾನು ತಮಾಷೆಗೆ ಹೇಳುವುದುಂಟು. ನಡುವೆ ಮಂಕಾಗಿದ್ದ ಮಲ್ಲಕಂಬವನ್ನು ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ ಮತ್ತೆ ಎತ್ತಿ ನಿಲ್ಲಿಸಿದವರು ಎರಡನೆಯ ಬಾಜೀರಾವ್ ಪೇಶ್ವೆಯ ಆಶ್ರಯದಲ್ಲಿದ್ದ ಬಾಳಂಭಟ್ಟ ದೇವಧರರು. ಪೇಶ್ವೆಯ ಸರದಾರರಾಗಿದ್ದ ಪಟವರ್ಧನರು ಆಳಿದ ಸಂಸ್ಥಾನಗಳಲ್ಲಿ ನಮ್ಮ ಜಮಖಂಡಿಯೂ ಒಂದು. ಸಾಂಗಲಿ, ಮೀರಜ, ಕುರುಂದವಾಡಗಳು ಅದರ ದಾಯಾದಿ ಸಂಸ್ಥಾನಗಳು.

ಆ ಕುರುಂದವಾಡದ ಹೆಸರು ಹೇಳಿದೊಡನೆ ನಾವು ಸರ್ಕಸ್ಸಿನ ಡೇರೆಯೊಳಕ್ಕೆ ಕಾಲಿಟ್ಟಂತಾಯಿತು. ಕೃಷ್ಣಾ-ಪಂಚಗಂಗೆಯರ ಸಂಗಮದ ಬಳಿಯ ಆ ಊರಿನ ದೊರೆಯ ಆಶ್ರಯದಲ್ಲಿ ವಿಷ್ಣುಪಂತ ಛತ್ರೆ ಎಂಬ ಅಶ್ವಶಿಕ್ಷಕರಿದ್ದರು. ಕಿಯಾರೀನಿ ಎಂಬ ಇಟಲಿಯವನ ಸರ್ಕಸ್ಸು ಮುಂಬಯಿಗೆ ಬಂದಾಗ ದೊರೆಯೊಡನೆ ಹೋಗಿ ಅದನ್ನು ನೋಡಿದರು. ಇಂಥದನ್ನು ಕಟ್ಟುವುದು ಹಿಂದುಸ್ಥಾನದವರಿಂದ ಆಗದೆಂದು ಆತ ಹಂಗಿಸಿದನಂತೆ. ಹಂಗಿಸಿದನೋ ಇಲ್ಲವೋ, 1880ರಲ್ಲಿ ಛತ್ರೆಯವರ 'ಗ್ರೇಟ್ ಇಂಡಿಯನ್ ಸರ್ಕಸ್' ಹುಟ್ಟಿತೆಂಬುದು ನಿಜ. ಇದಕ್ಕೆ ನೂರಕ್ಕೂ ಹೆಚ್ಚು ವರ್ಷ ಮೊದಲು, 1768ರಲ್ಲಿ, ಲಂಡನ್ನಿನಲ್ಲಿ ಆಧುನಿಕ ಸರ್ಕಸ್ಸಿಗೆ ನಾಂದಿ ಹಾಡಿದ ಫಿಲಿಪ್ ಆಸ್ಲಿಯೂ ಕುದುರೆಪಡೆಯವನೇ. ಸರ್ಕಸ್ಸಿನ ರಂಗ ಇಂದಿಗೂ ನಲವತ್ತೆರಡು ಅಡಿ ಅಡ್ಡಳತೆಯ ವೃತ್ತವಾಗಿರುವುದು ಕುದುರೆಯ ಸಲುವಾಗಿ. ಅಷ್ಟು ಸುತ್ತಳತೆಯಲ್ಲಿ ಒಂದೇ ವೇಗದಲ್ಲಿ ಓಡುವ ಕುದುರೆಯ ಬೆನ್ನ ಮೇಲೆ ಮನುಷ್ಯ ಒಳಕ್ಕೆ ವಾಲಿ ನಿಂತರೆ ಬೀಳುವುದಿಲ್ಲ. ಯುದ್ಧವಿಲ್ಲದ ಕಾಲದಲ್ಲಿ ಕುದುರೆ ಸವಾರನಿಗೆ ಉಳಿದ ವಿದ್ಯೆ ಅದು. ಇಂಗ್ಲೆಂಡಿನಲ್ಲಿ ಆದದ್ದೇ ಕೃಷ್ಣೆಯ ದಂಡೆಯ ಸಂಸ್ಥಾನದಲ್ಲೂ ಆಯಿತು.

ಸಂಗೀತಪ್ರಿಯರಿಗಾಗಿ ಒಂದು ಮಾತನ್ನು ಇಲ್ಲಿ ಸೇರಿಸದೆ ಮುಂದೆ ಹೋಗಲಾರೆ. ಛತ್ರೆಯವರು ಗ್ವಾಲಿಯರ್ ಘರಾಣೆಯ ಹದ್ದೂಖಾನರಲ್ಲಿ ಗಾನವನ್ನೂ ಅಭ್ಯಾಸ ಮಾಡಿದವರು. ಗುರುಪುತ್ರ ರಹಿಮತಖಾನರು ದಿಕ್ಕುಗೆಟ್ಟು ಅಲೆಯುತ್ತಿದ್ದಾಗ ಅವರನ್ನು ಕರೆತಂದು, ತಮ್ಮ ಸರ್ಕಸ್ಸಿನ ಜೊತೆಯಲ್ಲಿಯೇ ಇಟ್ಟುಕೊಂಡು ಸಾಕಿದರು. ಆ ಮಹಾಗಾಯಕ 1922ರಲ್ಲಿ ಕಣ್ಣುಮುಚ್ಚಿದ್ದು ಅದೇ ಕುರುಂದವಾಡದಲ್ಲಿ. ಹುಲಿಯ ಬೋನಿನ ಪಕ್ಕದಲ್ಲಿ ಖಯಾಲು ಬದುಕಿತ್ತೆಂದರೆ ಇಂದಿನವರು ನಂಬುವುದು ಕಷ್ಟ.

ಛತ್ರೆಯವರು ಊರೂರು ಸುತ್ತುತ್ತ ಮಲಬಾರಿನ ತಲಶ್ಶೇರಿಗೆ ಹೋದಾಗ ಕೀಲೇರಿ ಕುಂಞಿಕಣ್ಣನ್ ಎಂಬ ವ್ಯಾಯಾಮ ಶಿಕ್ಷಕರ ಪರಿಚಯವಾಯಿತು. ಬಾಸೆಲ್ ಮಿಶನ್ನಿನ ಶಾಲೆಯಲ್ಲಿ ಕಲಿಸುತ್ತಿದ್ದವರು, ಕಳರಿಯ ಪಟ್ಟುಗಳನ್ನು ಬಲ್ಲವರು. ಅವರು 1901ರಲ್ಲಿ ತಲಶ್ಶೇರಿಯ ಬಳಿಯ ಚಿರಕ್ಕರದಲ್ಲಿ ತೆರೆದದ್ದೇ ನಮ್ಮ ದೇಶದ ಮೊದಲ ಸರ್ಕಸ್ ಶಾಲೆ. ಭಾರತದ ಸರ್ಕಸ್ ಕಂಪನಿಗಳ ಬಹುಪಾಲು ಕಲಾವಿದರೂ ಒಡೆಯರೂ ಆ ಒಂದು ಸೀಮೆಯಿಂದಲೇ ಬರತೊಡಗಿದರು. ಅವರ ಶಿಷ್ಯಪರಂಪರೆಯ ಕಣ್ಣನ್ ಬೊಂಬಾಯೊ ಹಗ್ಗದ ಮೇಲಿನ ಲಾಗಗಳಿಂದ ಯುರೋಪ್, ಅಮೆರಿಕಗಳನ್ನು ಬೆರಗುಗೊಳಿಸಿದ. ನಮ್ಮಲ್ಲಿ ಗರಡಿಯಾಗಿಯೇ ಉಳಿದದ್ದು ಅಲ್ಲಿ ಶಾಲೆಯಾಯಿತು. ಶಾಲೆಯಾದದ್ದು ಜೀವನೋಪಾಯವೂ ಆಯಿತು.

ಇನ್ನು ದಿನಚರಿಯ ವಿಷಯ. ಇದನ್ನು ನಾನು ಪುಸ್ತಕದಿಂದ ಹೇಳುತ್ತಿಲ್ಲ, ನನ್ನ ಓರಗೆಯವನೊಬ್ಬನ ಬಾಯಿಂದ ಕೇಳಿ ಹೇಳುತ್ತಿದ್ದೇನೆ. ನೇಕಾರರ ಮಗ. ನಮ್ಮ ಗರಡಿಯಲ್ಲಿ ಕಂಬದ ತುದಿಯ ಗುಂಡಿನ ಮೇಲೆ ಒಂದೇ ಕೈಯಲ್ಲಿ ಮೈಯನ್ನೆತ್ತಿ ನಿಲ್ಲುತ್ತಿದ್ದವನು ಅವನೊಬ್ಬನೇ. ಅರವತ್ತರ ದಶಕದಲ್ಲಿ ಜಮಖಂಡಿಗೆ ಬಂದ ಒಂದು ಸರ್ಕಸ್ಸನ್ನು ನಾವಿಬ್ಬರೂ ನೋಡಿದೆವು. ನಾನು ಆನೆಯನ್ನು ನೋಡಿದೆ, ಅವನು ಜೋಕಾಲಿಯನ್ನು ನೋಡಿದ. ಮಾರನೆಯ ದಿನ ಗರಡಿಯಲ್ಲಿ ತಾನೂ ಸೇರುತ್ತೇನೆಂದ. ವಸ್ತಾದರು ಬೈಯಲಿಲ್ಲ. 'ರಾತ್ರಿ ಎಲ್ಲಿ ಮಲಗತೀ?' ಎಂದು ಮಾತ್ರ ಕೇಳಿದರು. ಅದಕ್ಕೆ ಅವನಲ್ಲಿ ಉತ್ತರವಿರಲಿಲ್ಲ. ವಾರದೊಳಗೆ ಹೊರಟುಹೋದ. ಹನ್ನೆರಡು ತುಂಬಿರಲಿಲ್ಲ. ತಂದೆ ಯಾವುದೋ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದರೆಂದೂ ಮನೆಯಲ್ಲಿ ಕೆಲದಿನ ಒಲೆ ಚೆನ್ನಾಗಿ ಉರಿಯಿತೆಂದೂ ಓಣಿಯವರು ಆಡಿಕೊಂಡರು. ಮಗ್ಗ ನಿಂತ ವರ್ಷವದು; ಆಡಿಕೊಂಡವರ ಮನೆಗಳಲ್ಲೂ ಅನ್ನಕ್ಕೆ ತತ್ವಾರವೇ ಇತ್ತು.

ಅಲ್ಲಿ ನಾಲ್ಕೂವರೆಗೆ ಏಳಬೇಕು. ಡೇರೆಯೊಳಗೆ ಒಂದೇ ದೀಪ. ರಾತ್ರಿಯ ಆಟದ ಪ್ರಾಣಿಗಳ ವಾಸನೆ ಇನ್ನೂ ಹೋಗಿರುವುದಿಲ್ಲ. ಮೊದಲು ಮೈ ಸಡಿಲಿಸುವುದು, ಬೆನ್ನನ್ನು ಹಿಂದಕ್ಕೆ ಬಿಲ್ಲಿನಂತೆ ಬಾಗಿಸುವುದು, ಕಾಲುಗಳನ್ನು ಎರಡೂ ಬದಿಗೆ ನೆಲಕ್ಕೆ ತಾಗಿಸುವುದು. ತಾಗದಿದ್ದರೆ ಉಸ್ತಾದ ಹೆಗಲ ಮೇಲೆ ಕೂರುತ್ತಿದ್ದನಂತೆ. ಆಮೇಲೆ ಗೋಡೆಯಿಲ್ಲದ ಆ ಊರಿನಲ್ಲಿ ಹಲಗೆಗೆ ಕಾಲೊರಗಿಸಿ ಕೈಯ ಮೇಲೆ ನಿಲ್ಲುವುದು. ಉಸ್ತಾದ ಎಣಿಸುತ್ತಾನೆ; ಆತನ ನೂರು ನಮ್ಮ ನೂರಕ್ಕಿಂತ ಉದ್ದ. ಕೈಯ ಮೇಲೆ ನಿಂತವನು ತೂಗುವುದು ತೋಳಿನಿಂದಲ್ಲ, ಬೆರಳುಗಳಿಂದ. ಮೈ ಮುಂದಕ್ಕೆ ವಾಲಿದರೆ ಬೆರಳ ತುದಿಯನ್ನು ಒತ್ತಬೇಕು, ಹಿಂದಕ್ಕೆ ವಾಲಿದರೆ ಅಂಗೈಯ ಬುಡಕ್ಕೆ ಭಾರ ಬಿಡಬೇಕು. ಇದನ್ನು ಮಾತಿನಲ್ಲಿ ಹೇಳಿಕೊಟ್ಟರೆ ಬರುವುದಿಲ್ಲ, ಬೆರಳಿಗೇ ತಿಳಿಯಬೇಕು, ಅದೂ ಎಳೆಯ ವಯಸ್ಸಿನಲ್ಲಿ ತಿಳಿಯಬೇಕು. ಹೊಸ ಲಾಗವನ್ನು ಕಲಿಯುವಾಗ ನಡುವಿಗೆ ಪಟ್ಟಿ ಕಟ್ಟಿ, ಅದರ ಹಗ್ಗವನ್ನು ಮೇಲಿನ ರಾಟೆಯಿಂದ ಇಳಿಬಿಟ್ಟು, ತುದಿಯನ್ನು ಉಸ್ತಾದ ಹಿಡಿದಿರುತ್ತಾನೆ. ತಪ್ಪಿದವನನ್ನು ಆ ಹಗ್ಗ ನಡುಗಾಳಿಯಲ್ಲಿ ನಿಲ್ಲಿಸುತ್ತದೆ. ಹಗ್ಗ ಬಿಚ್ಚಿದ ದಿನ ಹುಡುಗ ದೊಡ್ಡವನಾದಂತೆ.

ಎಂಟಕ್ಕೆ ಚಹಾ, ರೊಟ್ಟಿಯ ತುಣುಕು. ಆಟದ ದಿನ ಹೊಟ್ಟೆ ತುಂಬ ಉಣ್ಣುವಂತಿಲ್ಲ. ಒಂದಕ್ಕೆ ಮೊದಲನೆಯ ಆಟ, ನಾಲ್ಕಕ್ಕೆ ಎರಡನೆಯದು, ಏಳಕ್ಕೆ ಮೂರನೆಯದು. ಮೂರು ಆಟಗಳ ನಡುವೆ ಬಟ್ಟೆ ಒಗೆಯಬೇಕು, ಹರಿದ ಅಂಗಿಗೆ ಮಿಣುಕುಬಿಲ್ಲೆ ಹೊಲಿಯಬೇಕು, ಚಿಕ್ಕವರ ಕೂದಲು ಬಾಚಬೇಕು. ಊಟ ರಾತ್ರಿ ಹತ್ತಕ್ಕೆ. ಅಕ್ಷರಾಭ್ಯಾಸಕ್ಕೆ ಈ ದಿನದಲ್ಲಿ ಎಡೆಯೇ ಇಲ್ಲ. ಅವನು ಮನೆಗೆ ಬರೆಯುತ್ತಿದ್ದ ಕಾರ್ಡುಗಳು ಪ್ರತಿ ಊರಿನಿಂದಲೂ ಬೇರೆ ಬೇರೆಯವರ ಕೈಬರಹದಲ್ಲಿರುತ್ತಿದ್ದವು. ನಮ್ಮ ಸೋದರಮಾವ ಅವುಗಳನ್ನು ಓದಿ ಹೇಳುವಾಗ, 'ನಾನು ಕ್ಷೇಮ' ಎಂಬಲ್ಲಿಗೆ ಅವನ ತಾಯಿ ಪ್ರತಿಸಲವೂ, 'ಇದು ಅವನ ಮಾತಲ್ಲ' ಎನ್ನುತ್ತಿದ್ದಳು.

ಜೋಕಾಲಿಗೆ ಅವನನ್ನು ಏರಿಸಿದ್ದು ನಾಲ್ಕನೆಯ ವರ್ಷ. ಆ ವಿದ್ಯೆಯ ಮರ್ಮವನ್ನು ಅವನು ಹೇಳುವಾಗ ಈಗಲೂ ಅವನ ಕಣ್ಣು ಮೇಲಕ್ಕೆ ಹೋಗುತ್ತದೆ. ಜೋಕಾಲಿಯ ವೇಳೆ ಹಗ್ಗದ ಉದ್ದಕ್ಕೆ ಸೇರಿದ್ದು, ನಮ್ಮ ಅವಸರಕ್ಕೆ ಸೇರಿದ್ದಲ್ಲ; ದಪ್ಪನವನಿಗೂ ಸಣ್ಣವನಿಗೂ ಅದು ಒಂದೇ ಲೆಕ್ಕದಲ್ಲಿ ತೂಗುತ್ತದೆ. ಅತ್ತ ಮೊಣಕಾಲು ಮಡಿಸಿ ತಲೆಕೆಳಗಾಗಿ ತೂಗುತ್ತಿರುವವನು ಹಿಡಿಯುವವನು. ಹಾರುವವನು ಕೈ ಚಾಚಿ ಸುಮ್ಮನಿರಬೇಕು. ತಾನೇ ಹಿಡಿಯಲು ಹೋಗಬಾರದು. ಹಿಡಿಯಲು ಹೋದರೆ ಬೆರಳಿಗೆ ಬೆರಳು ತಾಗಿ ಎರಡೂ ಕೈ ತಪ್ಪುತ್ತವೆ. ಮಣಿಕಟ್ಟಿಗೆ ಮಣಿಕಟ್ಟು ಸೇರುವುದು ಒಬ್ಬನು ಸುಮ್ಮನಿದ್ದರೆ ಮಾತ್ರ. ತಪ್ಪಿದರೆ ಕೆಳಗೆ ಬಲೆಯಿದೆ. ಆದರೆ ಬಲೆಗೆ ಬೀಳುವುದೂ ಒಂದು ವಿದ್ಯೆ. ಬೆನ್ನ ಮೇಲೆ ಬೀಳಬೇಕು, ಕೈ ಊರಬಾರದು. ಹತ್ತೊಂಬತ್ತನೆಯ ವಯಸ್ಸಿನಲ್ಲಿ, ಮೂರನೆಯ ಆಟದಲ್ಲಿ, ನಿದ್ದೆಗೆಟ್ಟ ಒಂದು ರಾತ್ರಿ, ಅವನು ಕೈ ಊರಿದ.

ಬಲಭುಜ ಮೊದಲಿನಂತಾಗಲಿಲ್ಲ. ಕಂಪನಿಯ ಹೆಸರು ಇಲ್ಲಿ ಬೇಡ. ರೈಲಿನ ಚೀಟಿ ಕೊಟ್ಟು ಕಳಿಸಿದರು. ಅವನು ಮರಳಿ ಬಂದಾಗ ತಾಯಿ ಇರಲಿಲ್ಲ. ವಿದ್ಯುತ್ ಮಗ್ಗಕ್ಕೆ ಎಡಗೈಯೇ ಸಾಕಾಗುತ್ತದೆಂದು ನಕ್ಕು, ಕೂಲಿಗೆ ಸೇರಿದ.

ನಮ್ಮ ಸೀಮೆ ಮಕ್ಕಳನ್ನು ಕಲೆಗೆ ಕಳಿಸಿಕೊಟ್ಟದ್ದು ಇದೊಂದೇ ಬಾರಿಯಲ್ಲ. ನಾಟಕ ಕಂಪನಿಗಳ ಬಂಡಿ ಹತ್ತಿದ ಮಕ್ಕಳೆಷ್ಟೋ. ಬೀಳಗಿಯಲ್ಲಿ ಹುಟ್ಟಿದ ಅಮೀರಬಾಯಿ ಎಳೆಯ ವಯಸ್ಸಿನಲ್ಲೇ ಮುಂಬಯಿ ಸೇರಿ, 1943ರ 'ಕಿಸ್ಮತ್' ಚಿತ್ರದ ಹಾಡುಗಳಿಂದ ದೇಶಕ್ಕೆಲ್ಲ ಪರಿಚಿತಳಾದಾಗ ನಾವು 'ಕರ್ನಾಟಕಿ' ಎಂಬ ಅವಳ ಅಡ್ಡಹೆಸರನ್ನು ಹೆಮ್ಮೆಯಿಂದ ಉಚ್ಚರಿಸಿದೆವು. ಗೆದ್ದು ಬಂದವರ ಹೆಸರು ನಮಗೆ ನೆನಪಿರುತ್ತದೆ. ಭುಜ ಮುರಿದುಕೊಂಡು ಬಂದವರ ಲೆಕ್ಕವನ್ನು ಯಾವ ಊರೂ ಇಟ್ಟಿಲ್ಲ.

ಸರ್ಕಸ್ಸಿನಲ್ಲಿ ಹುಲಿ, ಸಿಂಹ, ಕರಡಿ, ಕೋತಿಗಳನ್ನು ಆಡಿಸುವುದಕ್ಕೆ ಸರಕಾರ ಹಾಕಿದ ತಡೆಯನ್ನು ಸರ್ವೋಚ್ಚ ನ್ಯಾಯಾಲಯ 2001ರಲ್ಲಿ ಎತ್ತಿಹಿಡಿಯಿತು. ಮಕ್ಕಳನ್ನು ದುಡಿಸುವುದಕ್ಕೆ ತಡೆಯೊಡ್ಡಬೇಕೆಂದು ಅದೇ ನ್ಯಾಯಾಲಯ ಆದೇಶಿಸಿದ್ದು 2011ರಲ್ಲಿ. ಹುಲಿಗೆ ಹುಡುಗನಿಗಿಂತ ಹತ್ತು ವರ್ಷ ಮೊದಲೇ ನ್ಯಾಯ ಸಿಕ್ಕಿತೆಂಬುದನ್ನು ನಾನು ವ್ಯಂಗ್ಯಕ್ಕೆ ಹೇಳುತ್ತಿಲ್ಲ, ಇಸವಿಗಳು ಹಾಗಿವೆ. ಈ ಆದೇಶವನ್ನು ನಾನು ಮನಸಾರೆ ಒಪ್ಪಿದವನು. ಆದರೂ ಅದರ ಬೆನ್ನಿಗೇ ಒಂದು ತೊಡಕಿದೆ. ಹದಿನೆಂಟು ತುಂಬಿದ ಮೈಗೆ ಈ ವಿದ್ಯೆ ಹತ್ತುವುದಿಲ್ಲ. ತಲಶ್ಶೇರಿಯಲ್ಲಿ ಕೇರಳ ಸರಕಾರ 2010ರಲ್ಲಿ ಸರ್ಕಸ್ ಅಕಾಡೆಮಿಯೊಂದನ್ನು ತೆರೆಯಿತು; ಅದು ಕೆಲವೇ ವರ್ಷ ನಡೆದು ಮುಚ್ಚಿತು. ಮಾಸ್ಕೋದಲ್ಲಿ 1927ರಿಂದಲೂ ಸರ್ಕಸ್ಸಿನ ಶಾಲೆಯಿದೆ, ಕೆನಡದ ಮಾಂಟ್ರಿಯಲ್ಲಿನಲ್ಲಿ 1981ರಿಂದ ಇದೆ. ಅಲ್ಲಿ ಲಾಗದ ಜೊತೆಗೆ ಪಾಠವೂ ಉಂಟು. ಕಲಿಯುವುದು ಬೇರೆ, ದುಡಿಯುವುದು ಬೇರೆ ಎಂಬ ಗೆರೆಯನ್ನು ಅವರು ಎಳೆದರು. ನಾವು ಎಳೆಯಲಿಲ್ಲ. ಎಳೆಯುವ ಹೊತ್ತಿಗೆ ಡೇರೆಯೇ ಖಾಲಿಯಾಗಿತ್ತು.

ಆ ಗೆರೆಯನ್ನು ನಮ್ಮ ವಸ್ತಾದರು ಬಲ್ಲವರಾಗಿದ್ದರೆಂದು ನನಗೆ ಈಗ ಅನ್ನಿಸುತ್ತದೆ. ಗರಡಿಯಲ್ಲೂ ಪೆಟ್ಟಿತ್ತು, ಹೆಗಲ ಮೇಲೆ ಕೂರುವುದಿತ್ತು. ಏಟು ಬಿದ್ದ ದಿನ ನಾನೂ ಶಪಿಸಿದ್ದೇನೆ. ಗರಡಿಯನ್ನು ಹೊಗಳುವವರು ಅದನ್ನು ಮರೆಮಾಚಬಾರದು. ಹೆಣ್ಣುಮಕ್ಕಳಿಗೆ ಆ ತಗ್ಗು ಬಾಗಿಲು ಬಹುಕಾಲ ತೆರೆಯಲಿಲ್ಲವೆಂಬುದನ್ನೂ ಮರೆಮಾಚಬಾರದು; ಹಗ್ಗದ ಮಲ್ಲಕಂಬದ ಮೇಲೆ ಇಂದಿನ ಹುಡುಗಿಯರನ್ನು ನೋಡಿದಾಗ ನಾವೆಷ್ಟು ಕಾಲ ಕಳೆದೆವೆಂದು ತಿಳಿಯುತ್ತದೆ. ಆದರೆ ನೊಂದ ಮೈಯನ್ನು ಹೊತ್ತುಕೊಂಡು ನಾವು ಮನೆಗೆ ಹೋಗುತ್ತಿದ್ದೆವು. ಬಾವು ಎಲ್ಲಿ ಬಂದಿದೆಯೆಂದು ನೋಡಿ ಬಿಸಿನೀರು ಹಾಕುವವರು ಅಲ್ಲಿದ್ದರು. ಅತಿಯಾದರೆ ವಸ್ತಾದರ ಮನೆಯ ಮುಂದೆ ನಿಂತು ಕೇಳುವ ಬಾಯಿಗಳೂ ಇದ್ದವು.

ನನ್ನ ಗೆಳೆಯನಿಗೆ ಈಗ ಎಪ್ಪತ್ತು ದಾಟಿದೆ. ಸಂಜೆ ಗರಡಿಗೆ ಬಂದು, ಎಡಗೈಯಿಂದ ಕಂಬಕ್ಕೆ ಎಣ್ಣೆ ತೀಡುತ್ತಾನೆ. ಹುಡುಗರಿಗೆ ಒಂದೆರಡು ಹಿಡಿತ ಹೇಳಿಕೊಡುತ್ತಾನೆ. ಕಳೆದ ಶ್ರಾವಣದಲ್ಲಿ ನಾನು ಹೋಗಿದ್ದಾಗ ಒಬ್ಬ ಹುಡುಗ, ಹತ್ತು ವರ್ಷದವನಿರಬೇಕು, ಇಳಿಯಲೊಲ್ಲದೆ ಕಂಬದ ಮೇಲೆಯೇ ಇದ್ದ. ಹೊರಗೆ ದೀಪ ಹತ್ತಿದ್ದವು. ಗೆಳೆಯ ಮೇಲೆ ನೋಡಿ, 'ಇಳಿಯೋ, ನಿಮ್ಮವ್ವ ಕಾಯತಿರತಾಳ' ಎಂದ. ಹುಡುಗ ಇನ್ನೊಂದೇ ಸಲ ಎಂದು ಗೋಗರೆದ. ಇವನು ಒಪ್ಪಲಿಲ್ಲ. ಅವನು ಇಳಿದು, ಅಂಗಿ ಹೆಗಲಿಗೆ ಹಾಕಿಕೊಂಡು, ಓಣಿಯ ತಿರುವಿನಲ್ಲಿ ಮರೆಯಾಗುವವರೆಗೂ ಬಾಗಿಲಲ್ಲಿ ನಿಂತು ನೋಡಿ, ಆಮೇಲೆ ಕೀಲಿ ಹಾಕಿದ.